ಕೋಚ್ ಮೇಡಂಗೆ ಬರೆಯದ ಬಿನ್ನವತ್ತಳೆ

ಕೆಲವರ ಕೈಗುಣಕ್ಕೆ ಒಣಗಿದ ಗಿಡ ಚಿಗುರುತ್ತೆ, ಕೆಲವರ ಕೈಗುಣಕ್ಕೆ ಮಗುವಿನ ಜ್ವರ ಬಿಡುತ್ತೆ. ನನ್ನ ಕೈಗುಣವೇ ಬೇರೆ. ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ, ಹಿಂದೆಯೇ ನಗುವೂ ಬರುತ್ತೆ.

ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದೆ. ಪಾಠ ಹೇಳಿದ್ದಕ್ಕಿಂತ ಬಿನ್ನವತ್ತಳೆ ಬರೆದದ್ದೇ ಹೆಚ್ಚು. ಸನ್ಮಾನದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಜೊತೆಗೆ ಕಟ್ಟು ಹಾಕಿಸಿ ಒಂದು ಹೊಗಳಿಕೆಯ ಪತ್ರ ಕೊಡ್ತಾರಲ್ಲ, ಅದೇ ಬಿನ್ನವತ್ತಳೆ. ಬೇಲೂರು, ಹಳೇಬೀಡು, ಬಾಣಾವರ, ಎಲ್ಲಿ ಯಾರಿಗೆ ಶಾಲು ಹೊದಿಸಿದರೂ ಪತ್ರ ನನ್ನದೇ. ನಾನೇ ಬರೆದು, ನಾನೇ ಮೈಕಿನ ಮುಂದೆ ನಿಂತು ಓದಬೇಕು. ಜನ ಚಪ್ಪಾಳೆ ತಟ್ಟಬೇಕು. ಆಮೇಲೆ ಏನಾದರೊಂದು ಆಗಬೇಕು. ಈ ಕಡೆಯದು ಮಾತ್ರ ಯಾರೂ ಕೇಳಿಕೊಂಡದ್ದಲ್ಲ, ತಾನಾಗಿಯೇ ಆಗ್ತಿತ್ತು.

ಇದರ ದೆಸೆಯಿಂದ ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮೂರಿನ ಬ್ಯಾಸ್ಕೆಟ್‌ಬಾಲ್ ಕೋಚ್ ಮೇಡಂ ಒಬ್ಬರ ಕೆಲಸವೇ ಹೋಗೋದ್ರಲ್ಲಿತ್ತು. ಆ ವಿಷಯ ಹೇಳಬೇಕಾದರೆ ಮೊದಲು ಬಾಣಾವರಕ್ಕೆ ಹೋಗಿ ಬರಬೇಕು.

ಬಾಣಾವರದ ಕುರ್ಚಿ

ಬಾಣಾವರದಲ್ಲಿ ಒಬ್ಬ ಹೆಡ್ ಮೇಷ್ಟ್ರು ನಿವೃತ್ತರಾದರು. ಬಹಳ ಶಿಸ್ತಿನ ಮನುಷ್ಯ. ಮೇಲಿನಿಂದ ಸುತ್ತೋಲೆ ಬಂದರೆ ಅಕ್ಷರಕ್ಕೆ ಅಕ್ಷರ ಪಾಲಿಸೋರು. ಮಧ್ಯಾಹ್ನ ಮೂರು ಗಂಟೆಗೆ ಶೀಟಿನ ಹಾಲಿನಲ್ಲಿ ಸಮಾರಂಭ. ಶಾಲು ಹೊದಿಸಿ, ಹಾರ ಹಾಕಿ, ಅವರನ್ನ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ನಾನು ಓದಲಿಕ್ಕೆ ಶುರು ಮಾಡಿದೆ.

ನನ್ನ ಗಂಟಲು ಅವತ್ತು ಬಹಳ ಚೆನ್ನಾಗಿತ್ತು. ಕಡೆಯ ಸಾಲಿಗೆ ಬಂದೆ: "ಮೂವತ್ತಾರು ವರ್ಷ ದುಡಿದು ದಣಿದ ಗುರುವರ್ಯರೇ, ಇನ್ನು ತಾವು ನೆಮ್ಮದಿಯಿಂದ ವಿಶ್ರಮಿಸಿ." ಸರಿಯಾಗಿ ಆಗಲೇ ಕರೆಂಟು ಹೋಯಿತು. ಮೈಕು ನಿಂತಿತು, ಫ್ಯಾನು ನಿಂತಿತು. ಶೀಟಿನ ಮೇಲೆ ಕಾಗೆ ನಡೆಯೋ ಸದ್ದು ಒಂದೇ ಕೇಳ್ತಿತ್ತು. ಹೆಡ್ ಮೇಷ್ಟ್ರು ಕಣ್ಣು ಮುಚ್ಚಿ, ಸಣ್ಣಗೆ ನಗುತ್ತಾ ಕೂತಿದ್ದರು. ಪಾಪ, ಭಾವುಕರಾಗಿದ್ದಾರೆ ಅಂತ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ಇನ್ನಿಬ್ಬರು ಮಾತಾಡಿದರು. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತಲ್ಲ, ವಂದನಾರ್ಪಣೆಯೂ ಆಯಿತು. ಎಲ್ಲರೂ ಎದ್ದರು, ಅವರು ಏಳಲಿಲ್ಲ.

ನಾನು ಅವರ ಎದುರೇ ಕೂತು ಅತ್ತುಬಿಟ್ಟೆ. ಆ ಸ್ಕೂಲಿನ ಮುದುಕ ಜವಾನ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

"ಅಳಬ್ಯಾಡಿ ಸಾ, ನಿಮ್ದೇನು ತಪ್ಪಿಲ್ಲ. ಬರವಣಿಗೇಲಿ ಬಂದ ಆರ್ಡರ್ನ ನಮ್ ಹೆಡ್ ಮೇಷ್ಟ್ರು ಯಾವತ್ತೂ ಮೀರಿದೋರಲ್ಲ."

ಹಳೇಬೀಡಿನ ಬಸ್ಸು

ಒಂದು ಸಲ ಆದದ್ದು ಆಕಸ್ಮಿಕ ಅಂದುಕೊಂಡೆ. ಹೆಂಡತಿಯೂ ಹಾಗೇ ಅಂದಳು. ಮುಂದಿನ ಚಳಿಗಾಲಕ್ಕೆ ಹಳೇಬೀಡಿನಿಂದ ಕರೆ ಬಂತು. ಬೇಲೂರು ಹಳೇಬೀಡು ನಡುವೆ ಓಡೋ ಪ್ರೈವೇಟ್ ಬಸ್ಸೊಂದರ ಡ್ರೈವರಿಗೆ ಸನ್ಮಾನ. ಗೆಂಡೆಹಳ್ಳಿ ಕಡೆಯವರು. ಇಪ್ಪತ್ತೈದು ವರ್ಷದಲ್ಲಿ ಒಂದು ಕೋಳಿಮರಿಗೂ ತಗುಲಿಸಿದವರಲ್ಲ.

ಬಾಣಾವರದ ಭಯ ಇತ್ತಲ್ಲ, ಈ ಸಲ ವಿಶ್ರಾಂತಿ, ನೆಮ್ಮದಿ, ಶಾಂತಿ ಇಂಥ ಪದ ಒಂದೂ ಸೇರದ ಹಾಗೆ ಬರೆದೆ. ಡ್ರೈವರನ್ನ ಬಿಟ್ಟು ಬಸ್ಸನ್ನೇ ಹೊಗಳಿದೆ: "ಇವರ ಬಸ್ಸು ಎಷ್ಟು ಪಳಗಿದೆಯೆಂದರೆ, ಇವರ ಕೈ ಸೋಕದಿದ್ದರೂ ತಾನಾಗಿ ದಾರಿ ಹಿಡಿದು ಹೋಗಬಲ್ಲದು." ಜನ ಶಿಳ್ಳೆ ಹಾಕಿದರು. ರಾತ್ರಿ ಹಳೇಬೀಡಿನ ನೆಂಟರ ಮನೇಲೇ ಉಳಿದೆ.

ಬೆಳಿಗ್ಗೆ ಆರೂವರೆಗೆ ಕೆರೆ ಕಡೆಯಿಂದ ಮಂಜು ಎದ್ದು ಊರನ್ನೆಲ್ಲ ನುಂಗಿತ್ತು. ಬಸ್ಸು ಇಳಿಜಾರಿನಲ್ಲಿ ನಿಂತಿತ್ತು. ಡ್ರೈವರು ಇಂಜಿನ್ ಬಿಸಿಯಾಗಲಿ ಅಂತ ಸ್ಟಾರ್ಟ್ ಮಾಡಿ, ಟೀ ಕುಡಿಯೋಕೆ ಇಳಿದಿದ್ದರು. ಅವರು ಇಳಿದದ್ದು ಹಿಂದಿದ್ದ ಕಂಡಕ್ಟರಿಗೆ ಕಾಣಿಸಲಿಲ್ಲ. ಇಬ್ಬರು ಮುದುಕಿಯರನ್ನ ಹತ್ತಿಸಿಕೊಂಡ, ಸೀಟಿ ಊದಿದ, "ರೈಟ್, ರೈಟ್" ಅಂದ.

ಬಸ್ಸು ಹೊರಟಿತು.

ನಾನು ಟೀ ಅಂಗಡಿ ಮುಂದೆ ಡ್ರೈವರ ಪಕ್ಕದಲ್ಲೇ ನಿಂತಿದ್ದೆ. ಮಂಜಿನೊಳಗಿಂದ ಎರಡು ಹಳದಿ ದೀಪ ಬಂದವು, ಹಿಂದೆ ಬಸ್ಸು ಬಂತು. ಡ್ರೈವರ್ ಸೀಟು ಖಾಲಿ, ಸ್ಟೇರಿಂಗು ತಾನೇ ಮೆಲ್ಲಗೆ ತಿರುಗುತ್ತಿತ್ತು. ನಮ್ಮನ್ನ ದಾಟಿ ಮತ್ತೆ ಮಂಜಿನೊಳಗೆ ಮಾಯವಾಯಿತು. ಡ್ರೈವರು ಲೋಟ ಕೆಳಗಿಟ್ಟರು. ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಓಡಿದೆವು. ಬಸ್ಸು ಯಾರಿಗೂ ಏನೂ ಮಾಡದೆ ಹೋಗಿ ಒಂದು ಹುಲ್ಲಿನ ಮೆದೆಗೆ ಮೂತಿ ಇಟ್ಟು ನಿಂತಿತ್ತು. ಕಂಡಕ್ಟರು ಖಾಲಿ ಸೀಟು ನೋಡಿ ನಾಲಿಗೆ ಸೇದಿಹೋದವನ ಹಾಗೆ ನಿಂತಿದ್ದ. ಆವತ್ತೇ ಡ್ರೈವರು, "ನಾನಿಲ್ದೆ ಇದ್ರೂ ಓಡ್ತೈತೆ ಅಂದ್ಮೇಲೆ ನಾನ್ಯಾಕೆ?" ಅಂತ ಕೀಲಿ ಒಪ್ಪಿಸಿ, ಊರಿಗೆ ಹೋಗಿ ರಾಗಿ ಹೊಲ ನೋಡಿಕೊಂಡರು.

ಇಳಿಯುವಾಗ ಮುದುಕಿಯರಲ್ಲಿ ಒಬ್ಬಳು ಕಂಡಕ್ಟರಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಇವತ್ತು ಎಷ್ಟು ನಿಧಾನವಾಗಿ ಓಡ್ಸುದ್ನಪ್ಪ ಪುಣ್ಯಾತ್ಮ! ದಿನಾ ಇವುನ್ನೇ ಕಳ್ಸಿ."

ಮಂಜಿನಲ್ಲಿ ಹನ್ನೊಂದನೆಯವಳು

ಈಗ ಕೋಚ್ ಮೇಡಂ ವಿಷಯ. ನಮ್ಮ ಅರಸೀಕೆರೆಯಲ್ಲಿ ಒಂದು ಕ್ಲಬ್ಬು ಇತ್ತು. ಅದಕ್ಕೊಂದು ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡ. ಕ್ಲಬ್ಬಿನ ಅಧ್ಯಕ್ಷರು ಕೊಬ್ಬರಿ ಮಂಡಿ ಸಾಹುಕಾರರು. ಕೊಬ್ಬರಿ ಒಣಗಿಸೋ ಅವರ ಅಂಗಳವೇ ಕೋರ್ಟು. ಎರಡು ಕಡೆ ಕಂಬ ನೆಟ್ಟು ರಿಂಗು ಹಾಕಿಸಿದ್ದರು. ಆ ವರ್ಷ ತಂಡಕ್ಕೆ ಮೈಸೂರು ಕಡೆಯಿಂದ ಕೋಚ್ ಒಬ್ಬರನ್ನ ಕರೆಸಿದರು. ಆಡಿಸೋದೇ ಅವರ ಕಸುಬು. ಕರಾರು ಒಂದು ವರ್ಷದ್ದು. ವರ್ಷದ ಕೊನೆಗೆ ಮೂವರ ಸಮಿತಿ ಕೂತು, ಮೇಡಂ ಹೊಗಳಿಕೆಗೆ ಯೋಗ್ಯರೋ ಅಲ್ಲವೋ ತೀರ್ಮಾನ ಮಾಡಬೇಕು. ಯೋಗ್ಯರಾದರೆ ಶಾಲು ಹೊದಿಸಿ ಉಳಿಸಿಕೊಳ್ಳೋದು. ಅಲ್ಲದಿದ್ದರೆ ಮೇಡಂ ಊರಿಗೆ, ಹುಡುಗಿಯರು ಮನೆಗೆ, ಅಂಗಳ ಮತ್ತೆ ಕೊಬ್ಬರಿಗೆ. ಸಮಿತಿಯಲ್ಲಿ ಸಾಹುಕಾರರು, ಒಬ್ಬ ರಿಟೈರ್ಡ್ ಸ್ಟೇಷನ್ ಮಾಸ್ಟರು, ಬಿನ್ನವತ್ತಳೆ ಬರೀಬೇಕಲ್ಲ ಅಂತ ನಾನು.

ಮೇಡಂ ಎತ್ತರದ ಹೆಂಗಸು. ಮಾತು ಬಹಳ ಕಮ್ಮಿ. ಹೆಜ್ಜೆ ಸದ್ದೇ ಇಲ್ಲ. ಮಂಡಿ ಬಾಗಿಲಲ್ಲಿ ನಿಂತು ಅವರ ವಿಷಯ ಮಾತಾಡ್ತಾ ಇದ್ದರೆ ಅವರು ನಮ್ಮ ಹಿಂದೆಯೇ ನಿಂತಿರೋರು. ಎಷ್ಟು ಹೊತ್ತಿನಿಂದ ನಿಂತಿದ್ದಾರೋ ದೇವರಿಗೇ ಗೊತ್ತು. ಸಾಹುಕಾರರಂಥ ಸಾಹುಕಾರರೇ ಮೂರು ಸಲ ಬೆಚ್ಚಿಬಿದ್ದು ಎಲೆಯಡಿಕೆ ನುಂಗಿದ್ದರು.

ಡಿಸೆಂಬರಿನ ಒಂದು ಬೆಳಿಗ್ಗೆ ಮೂವರೂ ಅಭ್ಯಾಸ ನೋಡಲು ಹೋದೆವು. ಅಂಗಳ ತುಂಬ ಮಂಜು. ಏನೂ ಕಾಣಿಸದು. ಒಳಗೆಲ್ಲೋ ಬಾಲು ನೆಲಕ್ಕೆ ಬಡಿಯೋ ಸದ್ದು, ಢಬ್, ಢಬ್. ಕೂಗಿಲ್ಲ, ನಗುವಿಲ್ಲ, ಸೀಟಿಯಿಲ್ಲ. ಬಾಲು ಎಡಕ್ಕೆ ಹೋಗುತ್ತೆ, ಬಲಕ್ಕೆ ಬರುತ್ತೆ, ಯಾರೋ ಹಿಡೀತಾರೆ, ಒಬ್ಬರೂ ಉಸಿರು ಬಿಡೋದಿಲ್ಲ.

"ಹುಡುಗೀರು ಅವ್ರೋ, ಇಲ್ವೋ?" ಅಂತ ಸಾಹುಕಾರರು ಪಿಸುಗುಟ್ಟಿದರು.

ಕಣ್ಣು ಹೊಂದಿಕೊಂಡ ಮೇಲೆ ಬೂದು ಬೂದಾಗಿ ಆಕಾರಗಳು ಕಂಡವು. ಸಾಹುಕಾರರು ಕಾಯಿ ಎಣಿಸಿ ಪಳಗಿದವರು, ಬೆರಳು ಮಡಿಸಿ ಎಣಿಸಿದರು. ಮತ್ತೊಂದು ಸಲ ಎಣಿಸಿದರು. ಅವರ ದನಿ ಇಳಿಯಿತು. "ಮೇಷ್ಟ್ರೇ, ನಮ್ಮ ಹುಡುಗೀರು ಎಷ್ಟು ಜನ?"

"ಹತ್ತು."

"ಮೇಡಂ ಅಗೋ, ಆ ಮೂಲೇಲಿ ಅವ್ರೆ. ಅವರನ್ನ ಬಿಟ್ಟು ಹನ್ನೊಂದು ಬರ್ತೈತೆ ಕಣ್ರೀ."

ಸ್ಟೇಷನ್ ಮಾಸ್ಟರು, "ಜೇನುಕಲ್ಲು ಸಿದ್ದಪ್ಪಾ, ಕಾಪಾಡಪ್ಪಾ" ಅಂತ ಶುರು ಮಾಡಿದರು. ನಾನೂ ನೋಡಿದೆ. ಹನ್ನೊಂದನೆಯದು ಮಿಕ್ಕವರಿಗಿಂತ ಎತ್ತರ. ನಿಧಾನವಾಗಿ ಅಂಗಳದ ಮಧ್ಯದಲ್ಲಿ ನಡೆದು ಬರ್ತಿತ್ತು. ಅದರ ತಲೆಯ ಮೇಲೆ ಇನ್ನೊಂದು ತಲೆ ಇತ್ತು! ಅಷ್ಟರಲ್ಲಿ ಬಾಲು ಅದರ ಕಡೆ ಹಾರಿತು. ಅದು ತಿರುಗಿಯೂ ನೋಡದೆ ಒಂದೇ ಕೈಯಲ್ಲಿ ಬಾಲು ಹಿಡಿದು, ಅಷ್ಟೇ ಸಲೀಸಾಗಿ ವಾಪಸ್ಸು ಎಸೆದು, ನಮ್ಮ ಕಡೆಗೇ ಬಂತು.

ಹತ್ತಿರ ಬಂದಾಗ ನೋಡಿದರೆ ನಮ್ಮ ಬೀದಿಯ ಹಾಲಿನಮ್ಮ. ತಲೆ ಮೇಲೆ ಹಾಲಿನ ಕ್ಯಾನು. ಆಕೆ ದಿನಾ ಅಡ್ಡದಾರಿ ಅಂತ ಅಂಗಳದಲ್ಲೇ ಹಾಯೋದಂತೆ. ದಿನಾ ಎರಡು ಪಾಸು ಹಿಡಿಯೋದಂತೆ. "ಸುಮ್ಕೆ ಬಿಟ್ರೆ ಕ್ಯಾನಿಗೆ ಬಡೀತೈತಲ್ಲ, ಅದ್ಕೇ ಹಿಡ್ಕಂತೀನಿ" ಅಂದಳು.

ಆಕೆಯ ಬೆನ್ನ ಹಿಂದೆ ಕೋಚ್ ಮೇಡಂ ಬಂದು ನಿಂತಿದ್ದರು. ಬಂದದ್ದು ಯಾವಾಗಲೋ ಗೊತ್ತಾಗಲಿಲ್ಲ. ಸಮಿತಿ ಬಂದಿದೆ, ನಮಸ್ಕಾರ, ಕ್ಷೇಮವೇ, ಏನೂ ಇಲ್ಲ. "ನಾಳೆಯಿಂದ ಅರ್ಧ ಗಂಟೆ ಮುಂಚೆ ಬನ್ನಿ" ಅಂದರು ಹಾಲಿನಮ್ಮನಿಗೆ.

"ಎಷ್ಟ್ ಲೀಟ್ರು ಹಾಕ್ಲವ್ವಾ?"

"ಹಾಲು ಬೇಡ."

ಬೇಲೂರಿನ ಬೆಂಚು

ಜನವರಿಯಲ್ಲಿ ಬೇಲೂರಿನ ತಂಡದ ಮೇಲೆ ಪಂದ್ಯ. ಅವರ ಊರಲ್ಲೇ, ಮಟಮಟ ಮಧ್ಯಾಹ್ನ. ಬೇಲೂರಿನ ಕೋಚ್ ಗಂಡಸು, ಕೋರ್ಟಿನ ಅಂಚಿನಲ್ಲಿ ಓಡಾಡ್ತಾ ಗಂಟಲು ಹರಿಯೋ ಹಾಗೆ ಕೂಗ್ತಾ ಇದ್ದರು. ನಮ್ಮ ಮೇಡಂ ಬೆಂಚಿನ ಮೇಲೆ ಕೂತರು, ಕಣ್ಣು ಮುಚ್ಚಿದರು. ಅಷ್ಟೇ. ಆಟ ಮುಗಿಯೋವರೆಗೆ ತೆರೆಯಲಿಲ್ಲ.

"ನಿದ್ದೆ ಹೊಡೀತಾವ್ಳಲ್ರೀ!" ಅಂತ ಸಾಹುಕಾರರು ಹಲ್ಲು ಕಡಿದರು.

ನಾನು ನೋಡ್ತಾನೇ ಇದ್ದೆ. ನಿದ್ದೆಯಲ್ಲ. ಆಗಾಗ್ಗೆ ಅವರ ತೊಡೆ ಮೇಲಿದ್ದ ಕೈಯಲ್ಲಿ ಒಂದು ಬೆರಳು ಮೇಲೇಳುತ್ತಿತ್ತು. ಆ ಬೆರಳು ಎದ್ದ ಕ್ಷಣವೇ ಕೋರ್ಟಿನ ಆ ತುದಿಯಲ್ಲಿ ಯಾವಳೋ ಒಬ್ಬಳು, ಇತ್ತ ಬೆನ್ನು ಹಾಕಿದ್ದವಳು, ಜಾಗ ಬದಲಾಯಿಸುತ್ತಿದ್ದಳು. ಒಂದು ಸಲ ಆದರೆ ಸರಿ, ಎರಡು ಸಲ ಆದರೆ ಸರಿ. ಇಪ್ಪತ್ತು ಸಲ ನೋಡಿದ ಮೇಲೆ ಆ ಉರಿಬಿಸಿಲಲ್ಲೂ ನನಗೆ ಚಳಿಯಾಯಿತು. ಧೈರ್ಯ ಮಾಡಿ ಪಕ್ಕದಲ್ಲಿ ಹೋಗಿ ಕೂತೆ.

"ಮೇಡಂ, ಕಣ್ಣು ಮುಚ್ಚಿಕೊಂಡು ಆಟ ಹೇಗೆ ಗೊತ್ತಾಗುತ್ತೆ ನಿಮಗೆ?"

"ಕಾಲಿನ ಸದ್ದು ಕೇಳಿದರೆ ಗೊತ್ತಾಗುತ್ತೆ ಮೇಷ್ಟ್ರೇ. ಯಾರು ದಣಿದರು, ಯಾರು ಹೆದರಿದರು ಎಲ್ಲಾ. ಅವರೂ ಒಬ್ಬರದ್ದೊಬ್ಬರು ಕೇಳಿಸಿಕೊಳ್ತಾರೆ. ಅದನ್ನೇ ಮಂಜಿನಲ್ಲಿ ಕಲಿಸ್ತೀನಿ." ಕಣ್ಣು ಮುಚ್ಚಿಕೊಂಡೇ ಇದ್ದರು. "ಹುಷಾರು. ನಿಮ್ಮ ಎಡಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗುತ್ತೆ."

ನೋಡಿಕೊಂಡೆ. ಉಂಗುಷ್ಠ ಗಟ್ಟಿಯಾಗೇ ಇತ್ತು. ಸುಳ್ಳಾಯಿತಲ್ಲ ಅಂತ ಒಳಗೊಳಗೇ ಸಂತೋಷ. ಎದ್ದೆ, ಮೂರು ಹೆಜ್ಜೆ ಇಟ್ಟೆ, ಪಟ್ಟಂತ ಕಿತ್ತುಕೊಂಡಿತು.

ನಮ್ಮ ಹುಡುಗಿಯರು ಭರ್ಜರಿಯಾಗಿ ಗೆದ್ದರು. ಬರುವಾಗ ವ್ಯಾನಿನಲ್ಲಿ ಸಮಿತಿಯ ಜಗಳ ಶುರುವಾಯಿತು.

"ಆಡಿದ್ದು ಹುಡುಗೀರು, ಬೆವರು ಸುರಿಸಿದ್ದು ಹುಡುಗೀರು. ಈಯಮ್ಮ ಮಾಡಿದ್ದೇನು? ಕಣ್ ಮುಚ್ಕೊಂಡು ಕೂತ್ಕೊಂಡಿದ್ದು! ಅದಕ್ಕೆ ಶಾಲು ಬೇರೆ ಹೊದಿಸಬೇಕಾ?" ಅಂದರು ಸಾಹುಕಾರರು.

ಸ್ಟೇಷನ್ ಮಾಸ್ಟರಿಗೆ ರೇಗಿತು. "ನೋಡಿ ಸಾಹುಕಾರ್ರೇ, ಮೂವತ್ತು ವರ್ಷ ನಾನು ಒಂದು ರೈಲೂ ಓಡಿಸಲಿಲ್ಲ. ಹಸಿರು ಬಾವುಟ ಹಿಡಿದು ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ಹಾಗಾದ್ರೆ ನಾನೂ ದಂಡಪಿಂಡವೇ?"

ಸಾಹುಕಾರರು ಬಹಳ ಹೊತ್ತು ಯೋಚನೆ ಮಾಡಿದರು. ಆ ಮೌನ ನೋಡಿ ಸ್ಟೇಷನ್ ಮಾಸ್ಟರು ಅರಸೀಕೆರೆ ಬರೋವರೆಗೂ ಅವರ ಹತ್ತಿರ ಮಾತು ಬಿಟ್ಟರು. ಕೊನೆಗೆ ತೀರ್ಮಾನ ಇಷ್ಟು: ಬೇಲೂರಿನವರು ನಮ್ಮೂರಿಗೆ ಆಡಲು ಬರ್ತಾರೆ. ಆ ಪಂದ್ಯ ನೋಡಿ ಮೇಡಂ ಹಣೆಬರಹ ಬರೆಯೋದು.

ಹುಡುಗಿಯರ ಬೇಡಿಕೆ

ಪಂದ್ಯಕ್ಕೆ ಎರಡು ದಿನ ಮುಂಚೆ, ಭಾನುವಾರ ಮಧ್ಯಾಹ್ನ, ಊಟ ಮಾಡಿ ಚಾಪೆ ಮೇಲೆ ಅಡ್ಡಾಗಿದ್ದೆ. ಯಾಕೋ ಯಾರೋ ನೋಡ್ತಿದಾರೆ ಅನ್ನಿಸಿ ಕಣ್ಣು ಬಿಟ್ಟೆ. ಹತ್ತು ಜನ ಹುಡುಗಿಯರು ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದಾರೆ. ಬಾಗಿಲು ತೆಗೆದ ಸದ್ದಿಲ್ಲ, ಹೆಜ್ಜೆ ಸದ್ದಿಲ್ಲ. ಕೋಚಿಂಗ್ ಚೆನ್ನಾಗೇ ಆಗಿತ್ತು.

ಮುಂದಿದ್ದವಳು ತಂಡದ ನಾಯಕಿ. ಗೆಂಡೆಹಳ್ಳಿಯವಳು. "ಸಾ, ನಮ್ ಮೇಡಮ್ಮನ್ನ ಹೊಗಳಬ್ಯಾಡಿ ಸಾ" ಅಂದಳು.

"ಯಾಕಮ್ಮ? ನಿಮ್ಮನ್ನ ಇಷ್ಟು ಚೆನ್ನಾಗಿ ತಯಾರು ಮಾಡಿದಾರೆ?"

"ಅದುಕ್ಕೇ ಸಾ. ನೀವು ಬರ್ದಿದ್ದು ನಡೆದ್ಬಿಡ್ತೈತೆ. ನಮ್ಮಪ್ಪನ ಬಸ್ಸು ನೆಪ್ಪೈತಾ?"

ಆಗ ಗೊತ್ತಾಯಿತು, ಅವಳು ಆ ಡ್ರೈವರ ಮಗಳು. ನನಗೆ ಸಿಟ್ಟು ಬಂತು. ಸುಳ್ಳು ಹೇಳಲಾರೆ, ಅವಮಾನವೂ ಆಯಿತು. "ಏನಮ್ಮಾ, ಓದಿದ ಹುಡುಗೀರು ನೀವು! ಎಲ್ಲೋ ಒಂದು ಬಸ್ಸು ಜಾರಿತು ಅಂತ ನನ್ನ ಬರವಣಿಗೆಗೆ ದೋಷ ಅಂಟಿಸ್ತೀರಾ?"

ಅಡಿಗೆಮನೆಯಿಂದ ಹೆಂಡತಿಯ ದನಿ ಬಂತು. "ಬಾಣಾವರದವರು?"

"ಅವರಿಗೆ ಮೊದಲೇ ಹೃದಯ ಸರಿಯಿರಲಿಲ್ಲ."

"ಬೇಲೂರಿನ ಡಾಕ್ಟ್ರು? ಎಲ್ಲರ ನೋವನ್ನೂ ತಮ್ಮದೆಂದು ಅನುಭವಿಸುವವರು ಅಂತ ಬರೆದ್ರಿ. ಮಾರನೇ ವಾರವೇ ಮಂಡಿ ನೋವು, ಬೆನ್ನು ನೋವು, ಹಲ್ಲು ನೋವು ಒಟ್ಟಿಗೇ ಬಂತಲ್ಲ?"

ಹತ್ತು ಜೊತೆ ಕಣ್ಣು ನನ್ನ ಮೇಲೆ. ನಾಯಕಿಯ ಕಣ್ಣಲ್ಲಿ ನೀರಿತ್ತು. "ಅವ್ರು ಬರಕ್ ಮುಂಚೆ ಮನೇಲಿ ನಮ್ನ ಆಡಕ್ ಬಿಡೋರಲ್ಲ ಸಾ. ಅವ್ರು ಒಬ್ಬೊಬ್ಬರ ಮನೆಗೂ ಹೋಗಿ, ಏನೂ ಮಾತಾಡ್ದೆ, ಒಪ್ಪೋಗಂಟ ಕೂತ್ಕತಿದ್ರು. ಅವ್ರಿಗೇನಾರ ಆದ್ರೆ ನಾವೆಲ್ಲಿಗೋಗಣ?" ಅಂದಳು. ಬಂದ ಹಾಗೇ ಸದ್ದಿಲ್ಲದೆ ಹೊರಟುಹೋದರು.

ಹೆಂಡತಿ ಸೆರಗಿಗೆ ಕೈ ಒರೆಸುತ್ತಾ ಬಂದು ಬಾಗಿಲಿಗೆ ಒರಗಿ ನಿಂತಳು. "ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು. ನನ್ನ ಅಡಿಗೆ ಚೆನ್ನಾಗಿದೆ ಅಂತ ಒಂದು ದಿನ ನಿಮ್ಮ ಬಾಯಿಂದ ಬರಲಿಲ್ಲವಲ್ಲ ಅಂತ ಎಷ್ಟು ಕೊರಗಿದೀನಿ. ಇವತ್ತು ಅನ್ನಿಸ್ತಿದೆ, ದೇವರು ದೊಡ್ಡೋನು."

ಒಂದೇ ಸದ್ದು

ಪಂದ್ಯದ ದಿನ ಅಂಗಳದ ಸುತ್ತ ಜನವೋ ಜನ. ಮಂಡಿ ಹಮಾಲಿಗಳು, ಆಟೋದವರು, ಹುಡುಗಿಯರ ಅಪ್ಪ ಅಮ್ಮಂದಿರು. ಮೇಡಂ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದರು. ಆಟ ಶುರುವಾಯಿತು.

ನಾಯಕಿ ರಿಂಗಿನ ಹತ್ತಿರ ಹೋಗಿ ಬಾಲು ಎಸೆದಳು. ಠಣ್ ಅಂತ ರಿಂಗಿಗೆ ಬಡಿದು ವಾಪಸ್ಸು ಬಂತು. ಎರಡನೆಯವಳು ಎಸೆದಳು. ಠಣ್. ಮೂರನೆಯವಳು ದೂರದಿಂದ ಎಸೆದಳು. ಠಣ್. ಪಾಸು ಚೆನ್ನಾಗಿದೆ, ಓಟ ಚೆನ್ನಾಗಿದೆ, ಬಾಲು ಮಾತ್ರ ಒಳಗೆ ಹೋಗದು. ಮೊದಮೊದಲು ಜನ ಅಯ್ಯೋ ಅಂದರು, ಆಮೇಲೆ ನಕ್ಕರು. ಆಮೇಲೆ ನಗು ನಿಂತಿತು. ಎಲ್ಲಿಂದ ಎಸೆದರೂ, ಯಾರು ಎಸೆದರೂ ಒಂದೇ ಸದ್ದು, ಠಣ್. ದೇವಸ್ಥಾನದಲ್ಲಿ ಯಾರೂ ಇಲ್ಲದೆ ಇರುವಾಗ ಗಂಟೆ ಹೊಡೆದ ಹಾಗೆ. ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು, ಬಾಲ ಮುದುರಿಕೊಂಡು ಹೊರಗೆ ಹೋಯಿತು. ಬೇಲೂರಿನ ಹುಡುಗಿಯರು ರಿಂಗಿನ ಕೆಳಗೆ ನಿಲ್ಲೋಕೇ ಹೆದರಿದರು. ಹೆದರಿದರೂ ಪಾಯಿಂಟು ಅವರದ್ದೇ ಏರುತ್ತಿತ್ತು.

"ನೋಡಿದ್ರಾ ಕೋಚಿಂಗ್ ಬಂಡವಾಳ?" ಅಂದರು ಸಾಹುಕಾರರು. "ನಾಳೆಯಿಂದ ಕೊಬ್ಬರಿ ಹರಡೋದೇ."

ನಾನು ಎದ್ದು ಮೇಡಂ ಪಕ್ಕ ಹೋಗಿ ಕೂತೆ. ಮೇಡಂ ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಗುರಿ ತಪ್ಪಿದರೆ ಸದ್ದು ಬೇರೆ ಬೇರೆ ಬರಬೇಕು. ಇದು ಒಂದೇ ಬರ್ತಿದೆ. ಇವರು ತಪ್ಪುತ್ತಿಲ್ಲ, ತಪ್ಪಿಸ್ತಾ ಇದಾರೆ. ಯಾಕೆ?"

ಅವರ ಮುಂದೆ ಸುಳ್ಳು ಹೇಳೋಕೆ ಆಗುತ್ತಾ? ನನ್ನ ಎದೆ ಬಡಿತವೇ ಅವರಿಗೆ ಕೇಳ್ತಿರಬೇಕು. ಬಾಣಾವರದಿಂದ ಹಿಡಿದು ಎಲ್ಲಾ ಒಪ್ಪಿಕೊಂಡೆ. ಮೇಡಂ ಕಣ್ಣು ತೆರೆದರು. ನಾನು ಮೊದಲ ಸಲ ಅವರ ಕಣ್ಣನ್ನ ಹತ್ತಿರದಿಂದ ನೋಡಿದ್ದು. "ನೀವು ಮಾಡಿದ್ದು, ನೀವೇ ಸರಿ ಮಾಡಿ" ಅಂದು ಮತ್ತೆ ಮುಚ್ಚಿಕೊಂಡರು.

ಹಾಫ್ ಟೈಮಿನಲ್ಲಿ ಪಂಚೆ ಎತ್ತಿಕಟ್ಟಿ ಓಡಿದೆ. "ಏನಮ್ಮಾ, ಸೋತರೆ ಹೊಗಳೋದು ತಪ್ಪುತ್ತೆ ಅಂತ ಬೇಕಂತಲೇ ಸೋಲ್ತಿದೀರಾ? ಈ ಪಂದ್ಯ ನೋಡಿ ಹೊಗಳದೇ ಇದ್ರೆ ಮೇಡಂನ ಊರಿಗೆ ಕಳಿಸಿಬಿಡ್ತಾರೆ ಕಣ್ರೇ!"

ನಾಯಕಿಯ ಮುಖ ಬಿಳಿಚಿಕೊಂಡಿತು. "ಹೊಗಳಿದ್ರೆ ನಿಮ್ ದೆಸೆಯಿಂದ ಹೋಗ್ತಾರೆ, ಹೊಗಳ್ದೇ ಇದ್ರೆ ಸಾಹುಕಾರ್ರ ದೆಸೆಯಿಂದ ಹೋಗ್ತಾರೆ. ನಾವೇನ್ ಮಾಡಣ ಸಾ?"

"ನಾನು ಬರೆಯೋಲ್ಲ" ಅಂದೆ. "ಜೇನುಕಲ್ಲು ಸಿದ್ದಪ್ಪನ ಆಣೆ. ಅವರ ಮೇಲೆ ಒಂದಕ್ಷರ ಬರೆಯೋಲ್ಲ. ಹೋಗಿ ಆಡಿ."

ಇಪ್ಪತ್ತು ವರ್ಷದಿಂದ ಬರೆದ ಯಾವ ಬಿನ್ನವತ್ತಳೆಗೂ ಅಂಥ ಪರಿಣಾಮ ಇರಲಿಲ್ಲ. ಹುಡುಗಿಯರು ಕೋರ್ಟಿಗೆ ಇಳಿದರು. ಆಮೇಲೆ ಠಣ್ ಅನ್ನೋ ಸದ್ದು ಒಂದು ಸಲವೂ ಕೇಳಲಿಲ್ಲ. ಕೊನೇ ಗಳಿಗೆಯಲ್ಲಿ ಒಂದೇ ಒಂದು ಪಾಯಿಂಟಿನಿಂದ ಗೆದ್ದರು. ಹಮಾಲಿಗಳು ಗೋಣಿಚೀಲ ಆಕಾಶಕ್ಕೆ ಎಸೆದರು.

ಸಾಹುಕಾರರಿಗೆ ಮಾತ್ರ ಅನುಮಾನ. ಸ್ಟೂಲು ತರಿಸಿ ತಾವೇ ಹತ್ತಿ ರಿಂಗು ನೋಡಿದರು. ಕೆಂಪು ಬಣ್ಣದ ರಿಂಗಿನ ಮುಂಭಾಗದಲ್ಲಿ ಒಂದೇ ಕಡೆ ಬಣ್ಣ ಎದ್ದುಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಅಡಿಕೆಯಷ್ಟು ಅಗಲ. ಅದರಾಚೆ ಈಚೆ ಒಂದು ಗೀಚೂ ಇಲ್ಲ. ಸಾಹುಕಾರರು ಅದರ ಮೇಲೆ ಬೆರಳಾಡಿಸಿದರು. ನಿಧಾನವಾಗಿ ಇಳಿದು ಟೋಪಿ ತೆಗೆದರು.

"ಬಾಲು ಒಳಕ್ಕೆ ಹಾಕೋದನ್ನ ಯಾರಾದ್ರೂ ಕಲಿಸ್ತಾರೆ. ಇಷ್ಟು ಅಚ್ಚುಕಟ್ಟಾಗಿ ಹೊರಗೆ ಹಾಕೋದನ್ನ ಕಲಿಸಬೇಕಾದ್ರೆ ಆಯಮ್ಮ ಸಾಮಾನ್ಯದೋಳಲ್ಲ. ಶಾಲು ತರಿಸಿ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಬಿನ್ನವತ್ತಳೆ ಈ ಸಲ ಜೋರಾಗಿರಲಿ."

ಅಂಗಳದ ಆ ತುದಿಯಲ್ಲಿ, ಬೆನ್ನು ಹಾಕಿ ನೀರು ಕುಡಿಯುತ್ತಿದ್ದ ಹತ್ತೂ ಹುಡುಗಿಯರು ಒಟ್ಟಿಗೇ ತಿರುಗಿ ನನ್ನನ್ನ ನೋಡಿದರು.

ಎರಡು ನಿಮಿಷ

ಸನ್ಮಾನದ ದಿನ ಬಂದೇಬಿಟ್ಟಿತು. ಆಣೆ ಮುರಿಯೋ ಹಾಗಿಲ್ಲ, ಸಾಹುಕಾರರಿಗೆ ಇಲ್ಲ ಅನ್ನೋ ಹಾಗಿಲ್ಲ. ಒಂದು ಖಾಲಿ ಹಾಳೆಗೆ ಕಟ್ಟು ಹಾಕಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಓದುವಾಗ ಎರಡು ಒಳ್ಳೆ ಮಾತು ಬಾಯಲ್ಲೇ ಹೇಳಿಬಿಡೋಣ, ಬರೆದದ್ದಲ್ಲವಲ್ಲ ಅಂತ ಲೆಕ್ಕ ಹಾಕಿದ್ದೆ.

ಹಾಲು ತುಂಬಿತ್ತು. ಮೇಡಂ ವೇದಿಕೆಯ ಮೇಲೆ ಬಿಳೀ ಸೀರೆ ಉಟ್ಟು, ದೊಡ್ಡ ಹಾರ ಹಾಕಿಕೊಂಡು, ಶಾಲು ಹೊದ್ದು, ಎಂದಿನಂತೆ ಕಣ್ಣು ಮುಚ್ಚಿ ಅಲ್ಲಾಡದೆ ಕೂತಿದ್ದರು. ನಾನು ಮೈಕಿನ ಮುಂದೆ ನಿಂತೆ. ಖಾಲಿ ಹಾಳೆ ನೋಡಿದೆ. "ನಮ್ಮೆಲ್ಲರ ಪ್ರೀತಿಯ ಕೋಚ್ ಮೇಡಂ" ಅಂದೆ. ಅಷ್ಟರಲ್ಲಿ ಬಾಣಾವರದ ಕುರ್ಚಿ ಕಣ್ಣ ಮುಂದೆ ಬಂತು. ಬಾಯಲ್ಲಿ ಹೇಳಿದರೂ ನಡೆದುಬಿಟ್ಟರೆ? ಮಾತು ಹೊರಡಲಿಲ್ಲ. ತಲೆ ತಗ್ಗಿಸಿ ನಿಂತೆ.

ಕ್ಲಬ್ಬಿನ ಸಭೆಗಳಲ್ಲಿ ಮೈಕಿನ ಮುಂದೆ ಯಾರಾದರೂ ತಲೆ ತಗ್ಗಿಸಿ ಸುಮ್ಮನೆ ನಿಂತರೆ ಅದಕ್ಕೆ ಒಂದೇ ಅರ್ಥ, ತೀರಿಕೊಂಡವರಿಗೆ ಎರಡು ನಿಮಿಷದ ಮೌನ. ಮುಂದಿನ ಸಾಲಿನ ಸ್ಟೇಷನ್ ಮಾಸ್ಟರು ಅಭ್ಯಾಸಬಲದಿಂದ ಎದ್ದು ನಿಂತು ತಲೆ ತಗ್ಗಿಸಿದರು. ಅವರನ್ನ ನೋಡಿ ಎರಡನೇ ಸಾಲು ಎದ್ದಿತು. ಕುರ್ಚಿ ಸರಿಯೋ ಸದ್ದು ಹಿಂದಕ್ಕೆ ಹೋಗ್ತಾ ಹೋಗ್ತಾ ಇಡೀ ಹಾಲೇ ಎದ್ದು ನಿಂತಿತು. ಫ್ಯಾನಿನ ಗಾಳಿಗೆ ಮೇಡಂ ಕೊರಳ ಹಾರ ಮಾತ್ರ ಅಲುಗುತ್ತಿತ್ತು. ಮೇಡಂ ಅಲುಗಲಿಲ್ಲ.

ಆಗೇ ಹೋಯಿತಾ? ಬರೆಯದೇ ಇದ್ದರೂ ಆಗೇ ಹೋಯಿತಾ?

ಹಿಂದಿನ ಸಾಲಿನಲ್ಲಿ ಹಾಲಿನಮ್ಮ ಬಿಕ್ಕಿ ಬಿಕ್ಕಿ ಅಳೋಕೆ ಶುರು ಮಾಡಿದಳು. "ಎಂಥಾ ಒಳ್ಳೇ ಹೆಣ್ಮಗಳು! ಬೆಳಿಗ್ಗೆ ತಾನೇ ನಂಗೆ ಪಾಸು ಕೊಟ್ಟಿದ್ರು!" ಅವಳ ಪಕ್ಕದ ಹಮಾಲಿ ತಲೆ ಎತ್ತಿ, ವೇದಿಕೆ ಕಡೆ ನೋಡಿ, ನಡುಗೋ ದನಿಯಲ್ಲಿ ಕೇಳಿದ. "ಹಂಗಾರೆ ಆ ಕುರ್ಚಿ ಮ್ಯಾಲೆ ಕುಂತಿರೋದ್ಯಾರು?"

ಮೇಡಂ ನಕ್ಕರು. ಇಡೀ ವರ್ಷದಲ್ಲಿ ಯಾರೂ ಅವರ ನಗು ಕೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡೇ, ತಲೆ ಹಿಂದಕ್ಕೆ ಹಾಕಿ, ಶಾಲು ಜಾರೋವರೆಗೆ ನಕ್ಕರು. ಸತ್ತವರು ನಕ್ಕಂತಾಗಿ ಮೊದಲ ಎರಡು ಸಾಲು ಬಾಗಿಲ ಕಡೆ ಓಡಿತು. ಆಮೇಲೆ ಹುಡುಗಿಯರು ನಕ್ಕರು, ಸಾಹುಕಾರರು ನಕ್ಕರು, ಓಡಿದವರು ವಾಪಸ್ಸು ಬಂದು ನಕ್ಕರು. ನಾನು ಮಾತ್ರ ಅಲ್ಲೇ ಕೂತುಬಿಟ್ಟೆ. ನಗ್ತಿದ್ದೆನೋ ಅಳ್ತಿದ್ದೆನೋ ನನಗೇ ಗೊತ್ತಿಲ್ಲ.

ಮೇಡಂ ಆಮೇಲೂ ಒಂಬತ್ತು ವರ್ಷ ನಮ್ಮೂರಲ್ಲೇ ಇದ್ದರು. ಆ ಖಾಲಿ ಬಿನ್ನವತ್ತಳೆಯನ್ನ ಗೋಡೆಗೆ ಹಾಕಿಕೊಂಡಿದ್ದರು.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅವತ್ತು ವೇದಿಕೆ ಇಳಿಯೋ ಮುಂಚೆ ಮೇಡಂ ನನ್ನ ಹತ್ತಿರ ಬಂದರು. ಕೈಯಲ್ಲಿ ಇನ್ನೊಂದು ಕಟ್ಟು ಹಾಕಿಸಿದ ಪತ್ರ. "ಇದು ನಿಮಗೆ ಮೇಷ್ಟ್ರೇ. ಹುಡುಗಿಯರು ಬರೆದದ್ದು. ನಿಮ್ಮ ಮೇಲೆ, ನಿಮ್ಮದೇ ಶೈಲಿಯಲ್ಲಿ" ಅಂದರು. ತಕ್ಷಣ ಕಣ್ಣು ಮುಚ್ಚಿಕೊಂಡೆ. "ಓದಿ ಸಾ, ಓದಿ ಸಾ" ಅಂತ ಹುಡುಗಿಯರು ಕೂಗಿದರು. ನಾನು ಓದಲಿಲ್ಲ. ಇವತ್ತಿಗೂ ಓದಿಲ್ಲ. ನಮ್ಮ ಪಡಸಾಲೆಯಲ್ಲಿ ಅದನ್ನ ಗೋಡೆಗೆ ಮುಖ ಮಾಡಿ ನೇತುಹಾಕಿದ್ದೇನೆ.

ಹೆಂಡತಿ ಓದಿದ್ದಾಳೆ. ದಿನಾ ಬೆಳಿಗ್ಗೆ ಅದನ್ನ ತೆಗೆದು ದೂಳು ಒರೆಸ್ತಾಳೆ, ಒಂದು ಗಳಿಗೆ ನೋಡ್ತಾಳೆ, ಹಾಗೇ ತಿರುಗಿಸಿ ಹಾಕ್ತಾಳೆ. ಆಮೇಲೆ ನನ್ನ ಮುಖ ನೋಡ್ತಾ ನಿಂತಿರ್ತಾಳೆ, ಅದರಲ್ಲೇನಿದೆ ಅಂತ ಹೇಳೋದಿಲ್ಲ. ಕಾಫಿ ಮಾತ್ರ ಅವತ್ತಿನಿಂದ ಗಟ್ಟಿ ಹಾಲಿನಲ್ಲಿ, ಹದವಾಗಿ, ಹಿಂದೆಂದೂ ಮಾಡದಷ್ಟು ಚೆನ್ನಾಗಿ ಮಾಡಿ ಕೊಡ್ತಾಳೆ. ಎಷ್ಟು ಚೆನ್ನಾಗಿದೆ ಕಣೇ ಅನ್ನೋ ಮಾತು ದಿನಾ ನಾಲಿಗೆ ತುದಿಗೆ ಬರುತ್ತೆ. ಅವಳು ಇನ್ನೂ ಬಹಳ ವರ್ಷ ಇರಬೇಕಲ್ಲ. ಕಾಫಿ ಜೊತೆಗೆ ಅದನ್ನೂ ನುಂಗಿಕೊಂಡು, "ಸಕ್ಕರೆ ಕಮ್ಮಿ" ಅಂತೀನಿ.